ಕಾಲು ಅಲುಗಿಸದೆ ಕಾಲಿನ ಚಲನೆ: ಕಲ್ಪಿಸಿಕೊಂಡ ಪಾದಚಲನೆಯನ್ನು ಇಇಜಿಯಿಂದ ಗುರುತಿಸುವ ಎಐ ಮಾದರಿ ಕಟ್ಟಲು ಸಮಗ್ರ ಮಾರ್ಗದರ್ಶಿ

2015ರಲ್ಲಿ ಅಮೆರಿಕದ ಅರ್ವೈನ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಬೆನ್ನುಹುರಿಗೆ ಪೆಟ್ಟಾಗಿ ಐದು ವರ್ಷಗಳಿಂದ ಕಾಲಿನ ಸ್ವಾಧೀನವಿಲ್ಲದ ವ್ಯಕ್ತಿಯೊಬ್ಬರು ಸುಮಾರು 3.66 ಮೀಟರ್ ದೂರ ನಡೆದಿದ್ದರು. ಬೀಳದಂತೆ ಅವರಿಗೆ ಆಧಾರದ ಪಟ್ಟಿ ಕಟ್ಟಿದ್ದರು. ನಡೆಯುವ ಯೋಚನೆಯನ್ನು ತಲೆಯ ಮೇಲಿನ ಇಇಜಿ ಟೋಪಿ (ಮೆದುಳಿನ ವಿದ್ಯುತ್ ಸಂಕೇತವನ್ನು ತಲೆಯ ಹೊರಗಿನಿಂದ ಅಳೆಯುವ ಸಾಧನ) ಹಿಡಿಯುತ್ತಿತ್ತು, ಕಂಪ್ಯೂಟರ್ ಅದನ್ನು ಗುರುತಿಸಿ ಕಾಲಿನ ಸ್ನಾಯುಗಳಿಗೆ ವಿದ್ಯುತ್ ಪ್ರಚೋದನೆ ಕಳಿಸುತ್ತಿತ್ತು. 2023ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಗ್ರೆಗ್ವಾರ್ ಕೂರ್ಟೀನ್ ಮತ್ತು ಜೋಸೆಲಿನ್ ಬ್ಲಾಕ್ ಅವರ ತಂಡ ಇನ್ನೂ ಮುಂದೆ ಹೋಯಿತು. ಡಚ್ ಪ್ರಜೆ ಗೆರ್ಟ್-ಯಾನ್ ಓಸ್ಕಾಮ್ ಅವರ ಮೆದುಳಿನ ಕಾಲಿನ ಭಾಗದ ಮೇಲೆ ಎಲೆಕ್ಟ್ರೋಡ್‌ಗಳನ್ನು ಶಸ್ತ್ರಚಿಕಿತ್ಸೆಯಿಂದ ಕೂರಿಸಿ, ಅಲ್ಲಿಂದ ಬಂದ ಸಂಕೇತವನ್ನು ನೇರವಾಗಿ ಬೆನ್ನುಹುರಿಯ ಪ್ರಚೋದಕಕ್ಕೆ ಜೋಡಿಸಿತು.

ಇವೆರಡರ ಬುಡದಲ್ಲಿರುವ ಕೆಲಸ ಒಂದೇ: ಮೆದುಳಿನ ಸಂಕೇತ ನೋಡಿ 'ಈತ ಈಗ ಕಾಲು ಆಡಿಸಲು ಬಯಸುತ್ತಿದ್ದಾನೆ' ಎಂದು ಹೇಳುವುದು. ಅದರ ಚಿಕ್ಕ, ಆದರೆ ಪ್ರಾಮಾಣಿಕವಾದ ರೂಪವನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಕಟ್ಟಬಹುದು. ಉಪಕರಣ ಕೊಳ್ಳಬೇಕಿಲ್ಲ, ಡೇಟಾ ಉಚಿತವಾಗಿ ಸಿಗುತ್ತದೆ. ಪೈಥಾನ್‌ನಲ್ಲಿ ಸಣ್ಣಪುಟ್ಟ ಪ್ರೋಗ್ರಾಂ ಬರೆಯಲು ಬಂದರೆ ಸಾಕು.

ಈ ಕೆಲಸದಲ್ಲಿ ಎಷ್ಟು ಶೇಕಡಾ ಸರಿ ಬಂತು ಎನ್ನುವುದಕ್ಕಿಂತ, ಆ ಉತ್ತರ ತಲೆಯ ಯಾವ ಜಾಗದಿಂದ ಬಂತು ಎನ್ನುವುದು ದೊಡ್ಡ ಪ್ರಶ್ನೆ ಎಂದು ನಾನು ನಂಬಿದ್ದೇನೆ. ಮುಂದಿನ ಹೆಜ್ಜೆಗಳನ್ನೆಲ್ಲ ಅದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಜೋಡಿಸಿದ್ದೇನೆ.

ಮೊದಲು ತಿಳಿದಿರಬೇಕಾದದ್ದು: ಕಾಲಿನ ಜಾಗ ಎಲ್ಲಿದೆ

ಚಲನೆಯನ್ನು ನಿಯಂತ್ರಿಸುವ ಮೆದುಳಿನ ಪಟ್ಟಿ ಒಂದು ಕಿವಿಯ ಮೇಲಿಂದ ನೆತ್ತಿ ಹಾದು ಇನ್ನೊಂದು ಕಿವಿಯ ಕಡೆಗೆ ಹೋಗುತ್ತದೆ. ಮುಖ ಕೆಳಗೆ, ಕೈ ನಡುವೆ, ಕಾಲು ತುತ್ತತುದಿಯಲ್ಲಿ. ವೈಲ್ಡರ್ ಪೆನ್‌ಫೀಲ್ಡ್ 1930ರ ದಶಕದಲ್ಲಿ ಎಚ್ಚರವಿದ್ದ ರೋಗಿಗಳ ಮೆದುಳನ್ನು ಶಸ್ತ್ರಚಿಕಿತ್ಸೆಯ ವೇಳೆ ವಿದ್ಯುತ್ತಿನಿಂದ ಮುಟ್ಟಿ ಈ ನಕ್ಷೆ ಬಿಡಿಸಿದರು. ಕೈಯ ಜಾಗ ತಲೆಬುರುಡೆಗೆ ಹತ್ತಿರವಿದೆ, ಅದರ ಮೇಲೆಯೇ ಸಿ-3 ಮತ್ತು ಸಿ-4 ಎಂಬ ಎಲೆಕ್ಟ್ರೋಡ್‌ಗಳು ಕೂರುತ್ತವೆ. ಕಾಲಿನ ಜಾಗ ಮಾತ್ರ ನೆತ್ತಿಯಲ್ಲಿ ಒಳಕ್ಕೆ ಮಡಚಿ, ಎರಡು ಅರೆಗೋಳಗಳ ನಡುವಿನ ಸೀಳಿನೊಳಗೆ ಇಳಿದಿದೆ. ಕಡಲೆಬೀಜದ ಎರಡು ಹೋಳುಗಳ ಒಳಮುಖಗಳ ಹಾಗೆ ಎಡಗಾಲಿನ ಜಾಗವೂ ಬಲಗಾಲಿನ ಜಾಗವೂ ಪರಸ್ಪರ ಎದುರುಬದುರಾಗಿ ಅಂಟಿಕೊಂಡಿವೆ. ಇವೆರಡರ ನೇರ ಮೇಲಿರುವುದು ನೆತ್ತಿಯ ನಡುವಿನ ಸಿ-ಜೆಡ್ ಎಲೆಕ್ಟ್ರೋಡ್.

ಇದರಿಂದ ಎರಡು ಪರಿಣಾಮಗಳಿವೆ. ಕಾಲಿನ ಸಂಕೇತ ಕೈಯದಕ್ಕಿಂತ ಕ್ಷೀಣ. ಮತ್ತೆ, ಎಡಗಾಲೋ ಬಲಗಾಲೋ ಎಂದು ತಲೆಯ ಹೊರಗಿನಿಂದ ಬೇರ್ಪಡಿಸುವುದು ತುಂಬಾ ಕಷ್ಟ. ಹೊಸಬರು ಎಡ-ಬಲದಿಂದಲೇ ಶುರುಮಾಡಿ ಬೇಸತ್ತು ಬಿಡುತ್ತಾರೆ. 'ಎರಡೂ ಕೈಯೋ, ಎರಡೂ ಪಾದವೋ' ಎಂಬ ಪ್ರಶ್ನೆಯಿಂದ ಆರಂಭಿಸಿ.

ಇನ್ನು ಸಂಕೇತದ ಸ್ವರೂಪ. ಚಲನೆಯ ಪಟ್ಟಿ ಸುಮ್ಮನಿದ್ದಾಗ ಅಲ್ಲಿ 8ರಿಂದ 13 ಹರ್ಟ್ಸ್‌ನ ಮ್ಯೂ ಲಯವೂ 13ರಿಂದ 30 ಹರ್ಟ್ಸ್‌ನ ಬೀಟಾ ಲಯವೂ ಮಿಡಿಯುತ್ತಿರುತ್ತವೆ. ಅಂಗ ಆಡಿಸಿದಾಗ, ಅಥವಾ ಆಡಿಸಿದಂತೆ ಕಲ್ಪಿಸಿಕೊಂಡಾಗ, ಆ ಜಾಗದ ಲಯ ಕುಗ್ಗುತ್ತದೆ. ಕಲ್ಪನೆ ನಿಂತ ಸುಮಾರು ಒಂದು ಸೆಕೆಂಡಿಗೆ ಬೀಟಾ ಲಯ ಮೊದಲಿಗಿಂತ ಜೋರಾಗಿ ಮರಳುತ್ತದೆ. ಇದಕ್ಕೆ ಬೀಟಾ ರಿಬೌಂಡ್ ಎನ್ನುತ್ತಾರೆ. ಆಸ್ಟ್ರಿಯಾದ ಗ್ರಾಟ್ಸ್‌ನ ಗೆರ್ಟ್ ಫುರ್ಟ್‌ಶೆಲ್ಲರ್ ಮತ್ತು ಸಂಗಡಿಗರು ದಶಕಗಟ್ಟಲೆ ಅಭ್ಯಸಿಸಿದ ವಿಷಯ ಇದು. ಅವರು ಗಮನಿಸಿದ ಇನ್ನೊಂದು ಸಂಗತಿ ನಮಗೆ ಬಹಳ ಮುಖ್ಯ: ಪಾದವನ್ನು ಕಲ್ಪಿಸಿಕೊಂಡಾಗ ಕೈಯ ಜಾಗದಲ್ಲಿ ಮ್ಯೂ ಲಯ ಹಲವರಲ್ಲಿ ಹೆಚ್ಚುತ್ತದೆ. ಅಂದರೆ ನಿಮ್ಮ ಮಾದರಿ 'ಕಾಲು' ಎಂದು ಹೇಳುವಾಗ ಅದು ಭಾಗಶಃ ಕೈಯ ಜಾಗ ವಿರಮಿಸಿದ್ದನ್ನು ನೋಡಿ ಹೇಳುತ್ತಿರಬಹುದು. ಇದರಲ್ಲಿ ತಪ್ಪೇನಿಲ್ಲ, ಆದರೆ ಗೊತ್ತಿರಬೇಕು.

ಹೆಜ್ಜೆ 1: ಡೇಟಾ ತನ್ನಿ

ಫಿಸಿಯೋನೆಟ್ ತಾಣದಲ್ಲಿ 'ಇಇಜಿ ಮೋಟರ್ ಮೂವ್‌ಮೆಂಟ್/ಇಮೇಜರಿ ಡೇಟಾಸೆಟ್' ಎಂಬ ಸಂಗ್ರಹವಿದೆ. 109 ಸ್ವಯಂಸೇವಕರು, 64 ಚಾನೆಲ್ (ಒಂದು ಎಲೆಕ್ಟ್ರೋಡಿನ ದಾಖಲೆ ಒಂದು ಚಾನೆಲ್), ಸೆಕೆಂಡಿಗೆ 160 ಅಳತೆಗಳು, ಪ್ರತಿಯೊಬ್ಬರಿಂದ 14 ಸುತ್ತುಗಳು. ಬಿಸಿಐ2000 ಎಂಬ ವ್ಯವಸ್ಥೆಯಲ್ಲಿ ದಾಖಲಾದದ್ದು. ನಮಗೆ ಬೇಕಾದ್ದು 6, 10 ಮತ್ತು 14ನೇ ಸುತ್ತು. ಪರದೆಯ ಮೇಲ್ಭಾಗದಲ್ಲಿ ಗುರಿ ಕಂಡರೆ ಎರಡೂ ಮುಷ್ಟಿಗಳನ್ನು, ಕೆಳಭಾಗದಲ್ಲಿ ಕಂಡರೆ ಎರಡೂ ಪಾದಗಳನ್ನು ಆಡಿಸಿದಂತೆ ಕಲ್ಪಿಸಿಕೊಳ್ಳಬೇಕು, ಗುರಿ ಮರೆಯಾದಾಗ ವಿರಮಿಸಬೇಕು. ಇದೇ ಕೆಲಸವನ್ನು ನಿಜವಾಗಿ ಕೈಕಾಲು ಆಡಿಸಿ ಮಾಡಿದ ಸುತ್ತುಗಳು 5, 9 ಮತ್ತು 13. ಇವನ್ನೂ ಇಳಿಸಿಕೊಳ್ಳಿ. ಕಣ್ಣು ತೆರೆದು ಕೂತ 1ನೇ ಸುತ್ತು, ಮುಚ್ಚಿ ಕೂತ 2ನೇ ಸುತ್ತು ಕೂಡ ಬೇಕಾಗುತ್ತವೆ.

88, 92 ಮತ್ತು 100ನೇ ವ್ಯಕ್ತಿಗಳ ಕಡತಗಳು 128 ಹರ್ಟ್ಸ್‌ನಲ್ಲಿವೆ, ಗುರುತುಗಳ ಸಮಯವೂ ಉಳಿದವರದಕ್ಕೆ ಹೊಂದುವುದಿಲ್ಲ. ಬಿಟ್ಟುಬಿಡಿ.

ಹೆಜ್ಜೆ 2: ಕಡತ ತೆರೆದು ಹೆಸರು ಸರಿಪಡಿಸಿ

ಇಇಜಿ ಸಂಸ್ಕರಿಸುವ ಎಂಎನ್‌ಇ-ಪೈಥಾನ್, ಯಂತ್ರಕಲಿಕೆಯ ಸೈಕಿಟ್-ಲರ್ನ್ ಎಂಬ ಎರಡು ಪೈಥಾನ್ ಗ್ರಂಥಾಲಯಗಳನ್ನು ಹಾಕಿಕೊಳ್ಳಿ. ಎಂಎನ್‌ಇಯಲ್ಲಿ ಈ ಡೇಟಾಸೆಟ್ ಅನ್ನು ತಾನೇ ಇಳಿಸಿಕೊಳ್ಳುವ ಸೌಲಭ್ಯವಿದೆ. ಕಡತದಲ್ಲಿ ಚಾನೆಲ್ ಹೆಸರುಗಳ ಕೊನೆಗೆ ಚುಕ್ಕೆಗಳು ಅಂಟಿಕೊಂಡಿವೆ. 'ಸಿ-ಜೆಡ್' ಎಂದು ಹುಡುಕಿದರೆ ಸಿಗುವುದೇ ಇಲ್ಲ, ಯಾಕೆಂದರೆ ಅಲ್ಲಿರುವುದು ಎರಡು ಚುಕ್ಕೆ ಸೇರಿದ ಹೆಸರು. ಹೆಸರು ಶುದ್ಧಗೊಳಿಸುವ ಕ್ರಿಯೆಯನ್ನು ಎಂಎನ್‌ಇಯೇ ಕೊಟ್ಟಿದೆ, ಅದನ್ನು ಓಡಿಸಿ ಆಮೇಲೆ ಎಲೆಕ್ಟ್ರೋಡ್‌ಗಳ ಸ್ಥಾನನಕ್ಷೆ ಜೋಡಿಸಿ. ಎಲ್ಲ ಚಾನೆಲ್‌ಗಳ ಸರಾಸರಿಯನ್ನು ಪ್ರತಿ ಚಾನೆಲ್‌ನಿಂದ ಕಳೆಯಿರಿ.

ಗುರುತುಗಳು ಮೂರು: ಟಿ0 ವಿಶ್ರಾಂತಿ, ಟಿ1, ಟಿ2. ಈ ಸುತ್ತುಗಳಲ್ಲಿ ಟಿ1 ಎಂದರೆ ಎರಡೂ ಮುಷ್ಟಿ, ಟಿ2 ಎಂದರೆ ಎರಡೂ ಪಾದ. ಆದರೆ 4, 8, 12ನೇ ಸುತ್ತಿನಲ್ಲಿ ಅವೇ ಗುರುತುಗಳಿಗೆ ಎಡ ಮುಷ್ಟಿ, ಬಲ ಮುಷ್ಟಿ ಎಂಬ ಅರ್ಥ. ಸುತ್ತುಗಳನ್ನು ಬೆರೆಸಿದರೆ ಯಾವ ದೋಷಸೂಚನೆಯೂ ಬರದೆ ಎಲ್ಲ ಕೆಟ್ಟುಹೋಗುತ್ತದೆ.

ಹೆಜ್ಜೆ 3: ಮಾದರಿಗೆ ಮುಂಚೆ ಕಣ್ಣಿನಿಂದ ನೋಡಿ

ದಯವಿಟ್ಟು ಈ ಹೆಜ್ಜೆ ಹಾರಿಸಬೇಡಿ. ಮೊದಲು 1 ಮತ್ತು 2ನೇ ಸುತ್ತಿನ ಆವರ್ತನ ಚಿತ್ರವನ್ನು ಅಕ್ಕಪಕ್ಕ ಇಡಿ. ಕಣ್ಣು ಮುಚ್ಚಿದಾಗ ಹಿಂದಲೆಯ ಎಲೆಕ್ಟ್ರೋಡ್‌ಗಳಲ್ಲಿ 10 ಹರ್ಟ್ಸ್ ಆಸುಪಾಸಿನಲ್ಲಿ ಗುಡ್ಡವೊಂದು ಏಳಬೇಕು. ಹಾನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದ ಮೊದಲ ಮಾನವ ಇಇಜಿಯ ಕಾಲದಿಂದ ಗೊತ್ತಿರುವ ಆಲ್ಫಾ ಲಯ ಅದು. ಹೆಚ್ಚಿನವರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹಲವರ ಕಡತ ತೆರೆದರೂ ಕಾಣದಿದ್ದರೆ ನೀವು ಕಡತ ಓದಿದ್ದರಲ್ಲೇ ಏನೋ ಎಡವಟ್ಟಾಗಿದೆ.

ಆಮೇಲೆ ನಿಜವಾಗಿ ಪಾದ ಆಡಿಸಿದ ಸುತ್ತುಗಳಿಗೆ ಹೋಗಿ. ಸಿ-ಜೆಡ್‌ನಲ್ಲಿ ಗುರಿ ಕಾಣುವ ಮುಂಚಿನ ಒಂದು ಸೆಕೆಂಡಿನ ಬೀಟಾ ಶಕ್ತಿಯನ್ನು, ಕಂಡ ನಂತರದ ಶಕ್ತಿಯನ್ನು ಅಳೆಯಿರಿ. ನಂತರದ್ದರಿಂದ ಮುಂಚಿನದನ್ನು ಕಳೆದು, ಮುಂಚಿನದರಿಂದಲೇ ಭಾಗಿಸಿ, ನೂರರಿಂದ ಗುಣಿಸಿ. ಋಣ ಸಂಖ್ಯೆ ಬಂದರೆ ಲಯ ಕುಗ್ಗಿದೆ ಎಂದರ್ಥ. ಒಂದೊಂದು ಪ್ರಯತ್ನ ಕೆದಕಿ ನೋಡಿದರೆ ಗದ್ದಲವೇ ಕಾಣುತ್ತದೆ, ಸರಾಸರಿ ತೆಗೆದಾಗ ಆಕಾರ ಮೂಡುತ್ತದೆ. ಇದೇ ಲೆಕ್ಕವನ್ನು ಕಲ್ಪನೆಯ ಸುತ್ತುಗಳಲ್ಲಿ ಮಾಡಿದರೆ ಅದೇ ಆಕಾರ ಇನ್ನೂ ಮಸುಕಾಗಿ ಸಿಗುತ್ತದೆ. ನಿಜವಾದ ಚಲನೆಯಲ್ಲೇ ಏನೂ ಕಾಣದ ವ್ಯಕ್ತಿಯ ಕಲ್ಪನೆಯಲ್ಲಿ ನಿಮ್ಮ ಮಾದರಿಗೆ ಶೇ. 90 ಬಂದರೆ ಸಂಭ್ರಮಿಸುವ ಮುನ್ನ ಅನುಮಾನಪಡಿ.

ಹೆಜ್ಜೆ 4: ಸೋಸಿ, ತುಂಡರಿಸಿ

ನಿರಂತರ ದಾಖಲೆಯ ಮೇಲೆ 7ರಿಂದ 30 ಹರ್ಟ್ಸ್ ಫಿಲ್ಟರ್ ಹಾಕಿ. ಕಣ್ಣು ಮಿಟುಕಿಸುವಾಗಿನ ದೊಡ್ಡ ನಿಧಾನ ಅಲೆಗಳು ಕೆಳಗೆ ಉಳಿಯುತ್ತವೆ, ಸ್ನಾಯುಗಳ ಗದ್ದಲದ ಬಹುಪಾಲು ಮತ್ತು ಕರೆಂಟಿನ ಗುಂಯ್‌ಗುಡುವಿಕೆ ಮೇಲೆ ಉಳಿಯುತ್ತವೆ. ಅಮೆರಿಕದಲ್ಲಿ ದಾಖಲಾದ ಈ ಡೇಟಾದಲ್ಲಿ ಕರೆಂಟಿನ ಗದ್ದಲ 60 ಹರ್ಟ್ಸ್. ನಮ್ಮಲ್ಲಿ ದಾಖಲಿಸಿದರೆ 50.

ಪ್ರತಿ ಗುರುತಿನ ಸುತ್ತ ಹಿಂದಕ್ಕೆ 1 ಸೆಕೆಂಡ್, ಮುಂದಕ್ಕೆ 4 ಸೆಕೆಂಡ್ ಕತ್ತರಿಸಿ. ಕಲಿಕೆಗೆ ಬಳಸುವುದು ಮಾತ್ರ ಗುರಿ ಕಂಡ 1ನೇ ಸೆಕೆಂಡಿನಿಂದ 2ನೇ ಸೆಕೆಂಡಿನವರೆಗೆ, ಅಥವಾ 0.5ರಿಂದ 3.5ರವರೆಗೆ. ಮೊದಲ ಅರ್ಧ ಸೆಕೆಂಡಿನಲ್ಲಿ ಕಣ್ಣಿಗೆ ಬಿದ್ದ ಚಿತ್ರಕ್ಕೆ ಮೆದುಳು ಕೊಡುವ ಪ್ರತಿಕ್ರಿಯೆಯೇ ತುಂಬಿರುತ್ತದೆ. ಯಾವ ಅವಧಿ ಎಂದು ಈಗಲೇ ತೀರ್ಮಾನಿಸಿ. ಪರೀಕ್ಷೆಯ ಫಲಿತಾಂಶ ನೋಡಿ ಅವಧಿ ಬದಲಿಸುತ್ತ ಹೋದರೆ ಆ ಪರೀಕ್ಷೆಗೆ ಬೆಲೆ ಇರುವುದಿಲ್ಲ.

ಹೆಜ್ಜೆ 5: ಸಿಎಸ್‌ಪಿ ಮತ್ತು ಎಲ್‌ಡಿಎ

ಎಐ ಎಂದ ಕೂಡಲೇ ಆಳವಾದ ನರಜಾಲಕ್ಕೆ ಹಾರಬೇಕೆನಿಸುತ್ತದೆ. ತಡೆಯಿರಿ. ಒಬ್ಬ ವ್ಯಕ್ತಿಯಿಂದ ನಮ್ಮ ಕೈಯಲ್ಲಿರುವುದು ಮೂರು ಸುತ್ತು ಸೇರಿ ಸುಮಾರು 45 ಪ್ರಯತ್ನಗಳು. ಇಷ್ಟು ಕಡಿಮೆ ಡೇಟಾಕ್ಕೆ ಹಳೆಯ ವಿಧಾನವೇ ಗಟ್ಟಿ.

ಸಿಎಸ್‌ಪಿ (ಕಾಮನ್ ಸ್ಪೇಷಿಯಲ್ ಪ್ಯಾಟರ್ನ್ಸ್) ಎಂಬ ವಿಧಾನ 64 ಚಾನೆಲ್‌ಗಳನ್ನು ಬೇರೆ ಬೇರೆ ತೂಕದಲ್ಲಿ ಬೆರೆಸಿ ಕೆಲವೇ ಹೊಸ ಚಾನೆಲ್‌ಗಳನ್ನು ಮಾಡುತ್ತದೆ. ಒಂದು ಬಗೆಯ ಕಲ್ಪನೆಯಲ್ಲಿ ಏರಿಳಿತ ಆದಷ್ಟು ಹೆಚ್ಚಿರಬೇಕು, ಇನ್ನೊಂದರಲ್ಲಿ ಆದಷ್ಟು ಕಡಿಮೆ ಇರಬೇಕು, ತೂಕಗಳನ್ನು ಹಾಗೆ ಆರಿಸುತ್ತದೆ. ಸೋಸಿದ ಸಂಕೇತದ ಏರಿಳಿತವೆಂದರೆ ಆ ಲಯದ ಶಕ್ತಿಯೇ ಆದ್ದರಿಂದ, ಕುಗ್ಗುವ-ಹಿಗ್ಗುವ ಲಯವನ್ನು ಹಿಡಿಯಲು ಇದು ಹೇಳಿ ಮಾಡಿಸಿದ ಉಪಾಯ. ನಾಲ್ಕು ಹೊಸ ಚಾನೆಲ್ ಇಟ್ಟುಕೊಳ್ಳಿ, ಅವುಗಳ ಶಕ್ತಿಯ ಲಾಗರಿದಮ್ ತೆಗೆದು ಎಲ್‌ಡಿಎ ಎಂಬ ಸರಳ ವರ್ಗೀಕಾರಕಕ್ಕೆ ಕೊಡಿ. 64 ಚಾನೆಲ್‌ಗೆ 45 ಪ್ರಯತ್ನ ಎಂದರೆ ಮಾದರಿ ಬಾಯಿಪಾಠ ಮಾಡಿಕೊಳ್ಳುವ ಅಪಾಯ ದೊಡ್ಡದು. ಸಿಎಸ್‌ಪಿಯಲ್ಲಿ ಇದಕ್ಕೆ ಕಡಿವಾಣ ಹಾಕುವ ಲೆಡ್ವಾ-ವುಲ್ಫ್ ನಿಯಂತ್ರಣವನ್ನು ಆನ್ ಮಾಡಿ, ಚಲನೆಯ ಪಟ್ಟಿಯ ಮೇಲಿನ ಸುಮಾರು 20 ಚಾನೆಲ್‌ಗಳನ್ನಷ್ಟೇ ಬಳಸಿಯೂ ನೋಡಿ.

ಪೈರೀಮಾನ್ ಎಂಬ ಪೈಥಾನ್ ಗ್ರಂಥಾಲಯದ ವಿಧಾನವನ್ನೂ ಪಕ್ಕದಲ್ಲಿ ಓಡಿಸಿ. ಚಾನೆಲ್‌ಗಳ ಪರಸ್ಪರ ಸಂಬಂಧದ ಕೋಷ್ಟಕಗಳನ್ನು ಅದು ನೇರವಾಗಿ ಹೋಲಿಸುತ್ತದೆ. ಕಡಿಮೆ ಡೇಟಾದಲ್ಲಿ ನಂಬಿಕೆಗೆ ಯೋಗ್ಯ.

ಹೆಜ್ಜೆ 6: ಪರೀಕ್ಷೆ ಪ್ರಾಮಾಣಿಕವಾಗಿರಲಿ

6 ಮತ್ತು 10ನೇ ಸುತ್ತಿನಿಂದ ಕಲಿಸಿ, 14ರಲ್ಲಿ ಪರೀಕ್ಷಿಸಿ. ಹಾಗೆಯೇ ಉಳಿದೆರಡು ಜೋಡಿಗಳನ್ನೂ ಮಾಡಿ ಸರಾಸರಿ ತೆಗೆಯಿರಿ. ಎಲ್ಲ ಪ್ರಯತ್ನಗಳನ್ನು ಕಲಸಿ ಹಂಚಿದರೆ ಅಂಕ ಮೇಲೇರಬಹುದು, ಆದರೆ ಜೆಲ್ ಒಣಗುವುದು, ವ್ಯಕ್ತಿ ದಣಿಯುವುದು ಇತ್ಯಾದಿ ನಿಧಾನ ಬದಲಾವಣೆಗಳು ಎರಡೂ ಕಡೆ ಹಂಚಿಹೋಗಿ ಮಾದರಿಗೆ ಪರೀಕ್ಷೆ ಸುಲಭವಾಗುತ್ತದೆ. ಸಿಎಸ್‌ಪಿಯ ತೂಕಗಳನ್ನು ಪ್ರತಿ ಸಲ ಕಲಿಕೆಯ ಭಾಗದಿಂದ ಮಾತ್ರ ಹೊಸದಾಗಿ ಕಂಡುಹಿಡಿಯಬೇಕು. ಇಡೀ ಡೇಟಾದ ಮೇಲೆ ಒಮ್ಮೆ ಸಿಎಸ್‌ಪಿ ಓಡಿಸಿ ಆಮೇಲೆ ಹಂಚುವುದು ಪ್ರಶ್ನೆಪತ್ರಿಕೆ ಸೋರಿಕೆಯೇ ಸರಿ. ಸೈಕಿಟ್-ಲರ್ನ್‌ನ ಪೈಪ್‌ಲೈನ್‌ನೊಳಗೆ ಸಿಎಸ್‌ಪಿ, ಎಲ್‌ಡಿಎ ಎರಡನ್ನೂ ಕಟ್ಟಿದರೆ ಈ ಸೋರಿಕೆ ನಿಲ್ಲುತ್ತದೆ.

ಇನ್ನು ಶೇ. 60 ಬಂತು ಎಂದಿಟ್ಟುಕೊಳ್ಳಿ. 50ಕ್ಕಿಂತ ಹೆಚ್ಚಲ್ಲವೇ ಎಂದು ಖುಷಿಪಡುವಂತಿಲ್ಲ. ನಾಣ್ಯ ಚಿಮ್ಮಿ ಉತ್ತರ ಹೇಳಿದರೂ 45ರಲ್ಲಿ 27 ಸರಿಯಾಗುವುದು ಅಪರೂಪವೇನಲ್ಲ. ದ್ವಿಪದ ಹಂಚಿಕೆಯಿಂದ ಲೆಕ್ಕ ಹಾಕಿದರೆ, ಬರಿಯ ಅದೃಷ್ಟದಿಂದ ಅಷ್ಟು ಬರುವ ಸಾಧ್ಯತೆ ಶೇ. 5ಕ್ಕಿಂತ ಕಡಿಮೆ ಎನ್ನಲು 45ರಲ್ಲಿ ಕನಿಷ್ಠ 29 ಸರಿಯಾಗಬೇಕು, ಅಂದರೆ ಶೇ. 64ಕ್ಕೂ ಮೇಲೆ. ಇನ್ನೂ ಖಚಿತವಾಗಬೇಕೆಂದರೆ ಗುರುತುಗಳನ್ನು ಸಾವಿರ ಸಲ ಅದಲುಬದಲು ಮಾಡಿ ಅದೇ ಮಾದರಿಯನ್ನು ಓಡಿಸಿ, ನಿಜವಾದ ಅಂಕ ಆ ರಾಶಿಯಲ್ಲಿ ಎಲ್ಲಿ ನಿಲ್ಲುತ್ತದೆ ನೋಡಿ.

1ನೇ ವ್ಯಕ್ತಿಯ ಫಲಿತಾಂಶ ಚೆನ್ನಾಗಿ ಬರುತ್ತದೆ, ಎಂಎನ್‌ಇಯ ಪಾಠದಲ್ಲಿ ಬಳಸಿರುವುದೂ ಆ ವ್ಯಕ್ತಿಯ ಡೇಟಾವನ್ನೇ. ಅಲ್ಲಿಗೆ ನಿಲ್ಲಿಸದೆ ಎಲ್ಲರ ಮೇಲೆ ಓಡಿಸಿ, ಎಲ್ಲರ ಅಂಕಗಳನ್ನೂ ತೋರಿಸಿ. ಹಲವರಲ್ಲಿ ಅಂಕ ಅದೃಷ್ಟದ ಮಟ್ಟದಲ್ಲೇ ನಿಲ್ಲುತ್ತದೆ. ಈ ಕ್ಷೇತ್ರದಲ್ಲಿ ಶೇ. 15ರಿಂದ 30ರಷ್ಟು ಜನರಿಗೆ ಇಂಥ ನಿಯಂತ್ರಣ ಒಲಿಯುವುದಿಲ್ಲ ಎಂಬ ಅಂದಾಜು ಬಹುಕಾಲದಿಂದ ಇದೆ.

ಹೆಜ್ಜೆ 7: ಉತ್ತರ ಎಲ್ಲಿಂದ ಬಂತು?

ಈ ಡೇಟಾಸೆಟ್‌ನ ವಿನ್ಯಾಸವನ್ನು ಮತ್ತೆ ನೆನಪಿಸಿಕೊಳ್ಳಿ. ಕೈಗೆ ಗುರಿ ಪರದೆಯ ಮೇಲೆ, ಪಾದಕ್ಕೆ ಕೆಳಗೆ. ಕಣ್ಣು ಗುರಿಯ ಕಡೆ ಹೊರಳಿದರೆ, ಆ ಹೊರಳುವಿಕೆಯೇ ಹಣೆಯ ಎಲೆಕ್ಟ್ರೋಡ್‌ಗಳಲ್ಲಿ ವಿದ್ಯುತ್ ಬದಲಾವಣೆ ಎಬ್ಬಿಸುತ್ತದೆ. ಮೇಲೆ ನೋಡಿದ್ದಾನೋ ಕೆಳಗೆ ನೋಡಿದ್ದಾನೋ ಎಂದು ಕಲಿತ ಮಾದರಿಯೂ 'ಕೈ', 'ಪಾದ' ಎಂದು ಸರಿಯಾಗಿಯೇ ಉತ್ತರಿಸುತ್ತದೆ. ಪಾರ್ಶ್ವವಾಯುವಾದ ವ್ಯಕ್ತಿ ಪರದೆಯಿಲ್ಲದೆ ನಡೆಯಲು ಹೊರಟಾಗ ಅದರಿಂದ ಕಿಂಚಿತ್ತೂ ಪ್ರಯೋಜನವಿಲ್ಲ. 7 ಹರ್ಟ್ಸ್‌ನ ಫಿಲ್ಟರ್ ಈ ಅಪಾಯವನ್ನು ತಗ್ಗಿಸುತ್ತದೆ, ಪೂರ್ತಿ ತೆಗೆಯುವುದಿಲ್ಲ.

ಪರೀಕ್ಷಿಸುವುದು ಹೀಗೆ. ಸಿಎಸ್‌ಪಿಯ ವಿನ್ಯಾಸಗಳನ್ನು ತಲೆಯ ನಕ್ಷೆಯ ಮೇಲೆ ಬಿಡಿಸಿ. ತೂಕಗಳನ್ನು ಬಿಡಿಸಬೇಡಿ, ಅವು ಗದ್ದಲ ಕಳೆಯಲು ಎಲ್ಲೆಲ್ಲೋ ಹರಡಿರುತ್ತವೆ. ಎಂಎನ್‌ಇ 'ಪ್ಯಾಟರ್ನ್' ಎಂದು ಕೊಡುವುದನ್ನೇ ಬಿಡಿಸಿ. ಬಣ್ಣ ಸಿ-3, ಸಿ-4 ಸುತ್ತ ಅಥವಾ ನೆತ್ತಿಯ ಸಿ-ಜೆಡ್ ಸುತ್ತ ಸೇರಿದ್ದರೆ ಸರಿ. ಹಣೆಯ ಅಂಚಿನಲ್ಲಿ ಸೇರಿದ್ದರೆ ಕಣ್ಣು, ಕಿವಿಯ ಬಳಿ ಸೇರಿದ್ದರೆ ದವಡೆಯ ಸ್ನಾಯು. ಆಮೇಲೆ ಹಣೆಯ ಸಾಲಿನ ಚಾನೆಲ್‌ಗಳನ್ನಷ್ಟೇ ಕೊಟ್ಟು ಮಾದರಿಯನ್ನು ಮತ್ತೆ ಕಲಿಸಿ. ಅದೂ ಶೇ. 80 ತಂದರೆ ನಿಮ್ಮ ಮೂಲ ಫಲಿತಾಂಶವನ್ನು ಯಾರಿಗೂ ತೋರಿಸುವ ಮುನ್ನ ಕಣ್ಣಿನ ಪಾಲನ್ನು ಐಸಿಎ (ಬೆರೆತ ಸಂಕೇತಗಳನ್ನು ಬೇರ್ಪಡಿಸುವ ವಿಧಾನ) ಬಳಸಿ ತೆಗೆಯಿರಿ.

ಹೆಜ್ಜೆ 8: ಈಗ ನರಜಾಲ

2018ರಲ್ಲಿ ಪ್ರಕಟವಾದ ಇಇಜಿನೆಟ್ ಚಿಕ್ಕ, ಇಇಜಿಗೆಂದೇ ರೂಪಿಸಿದ ಜಾಲ. ಮೊದಲ ಪದರ ಆವರ್ತನಗಳನ್ನು ಆರಿಸುತ್ತದೆ, ಎರಡನೆಯದು ಚಾನೆಲ್‌ಗಳನ್ನು ಬೆರೆಸುತ್ತದೆ. ಅಂದರೆ ಫಿಲ್ಟರ್ ಮತ್ತು ಸಿಎಸ್‌ಪಿ ಮಾಡಿದ್ದನ್ನೇ ಡೇಟಾದಿಂದ ತಾನೇ ಕಲಿಯುತ್ತದೆ. ಪೈಟಾರ್ಚ್ ಮೇಲೆ ನಿಂತಿರುವ ಬ್ರೈನ್‌ಡಿಕೋಡ್ ಗ್ರಂಥಾಲಯದಲ್ಲಿ ಸಿದ್ಧವಾಗಿ ಸಿಗುತ್ತದೆ.

ಒಬ್ಬರ 45 ಪ್ರಯತ್ನಗಳಿಂದ ಇದನ್ನು ಕಲಿಸಬೇಡಿ. ಒಬ್ಬರನ್ನು ಪಕ್ಕಕ್ಕಿಟ್ಟು ಉಳಿದವರೆಲ್ಲರ ಡೇಟಾದಿಂದ ಕಲಿಸಿ, ಪಕ್ಕಕ್ಕಿಟ್ಟವರ ಮೇಲೆ ಪರೀಕ್ಷಿಸಿ. ಒಬ್ಬರ ತಲೆ ಇನ್ನೊಬ್ಬರಂತಿಲ್ಲವಾದ್ದರಿಂದ ಅದಕ್ಕೂ ಮುಂಚೆ ಪ್ರತಿ ವ್ಯಕ್ತಿಯ ಚಾನೆಲ್-ಸಂಬಂಧದ ಕೋಷ್ಟಕಗಳ ಸರಾಸರಿ ತೆಗೆದು, ಅದರ ವಿಲೋಮ ವರ್ಗಮೂಲದಿಂದ ಆ ವ್ಯಕ್ತಿಯ ಎಲ್ಲ ಪ್ರಯತ್ನಗಳನ್ನು ಗುಣಿಸಿ. ಯೂಕ್ಲಿಡಿಯನ್ ಅಲೈನ್‌ಮೆಂಟ್ ಎಂಬ ಈ ಕ್ರಿಯೆಗೆ ಕೆಲವೇ ಸಾಲುಗಳ ಪ್ರೋಗ್ರಾಂ ಸಾಕು, ವ್ಯಕ್ತಿಯಿಂದ ವ್ಯಕ್ತಿಗೆ ದಾಟಿಸುವಾಗ ಬಹಳ ನೆರವಾಗುತ್ತದೆ. ಕೊನೆಗೆ ಹೊಸ ವ್ಯಕ್ತಿಯ ಒಂದು ಸುತ್ತಿನಿಂದ ಸ್ವಲ್ಪ ತಿದ್ದಿ. 7ನೇ ಹೆಜ್ಜೆಯ ಕಣ್ಣಿನ ಪರೀಕ್ಷೆ ಇಲ್ಲಿ ಇನ್ನೂ ಮುಖ್ಯ, ಯಾಕೆಂದರೆ ಕಣ್ಣಿನ ಚಲನೆ ಎಲ್ಲರಲ್ಲೂ ಒಂದೇ ಥರ ಇರುತ್ತದೆ, ಜಾಲ ಅದನ್ನೇ ಮೊದಲು ಹುಡುಕಿಕೊಳ್ಳುತ್ತದೆ.

ಹೆಜ್ಜೆ 9: ನಿಮ್ಮದೇ ದಾಖಲೆ

ಎಂಟು ಚಾನೆಲ್‌ನ ಉಪಕರಣ ಸಿಕ್ಕರೆ, ಉದಾಹರಣೆಗೆ ಸೆಕೆಂಡಿಗೆ 250 ಅಳತೆ ಕೊಡುವ ಓಪನ್‌ಬಿಸಿಐ ಸೈಟಾನ್, ಎಲೆಕ್ಟ್ರೋಡ್‌ಗಳನ್ನು ಹೀಗೆ ಹಂಚಿ: ಸಿ-ಜೆಡ್, ಅದರ ಮುಂದೆ ಎಫ್‌ಸಿ-ಜೆಡ್, ಹಿಂದೆ ಸಿಪಿ-ಜೆಡ್, ಎರಡು ಪಕ್ಕ ಸಿ-1, ಸಿ-2, ಕೈಗೆ ಸಿ-3, ಸಿ-4, ಎಂಟನೆಯದು ಕಣ್ಣಿನ ಮೇಲೆ ನಿಗಾ ಇಡಲು ಹಣೆಗೆ. ಸಿ-ಜೆಡ್‌ನಿಂದ ಅದರ ನಾಲ್ಕು ನೆರೆಯವರ ಸರಾಸರಿಯನ್ನು ಕಳೆದರೆ ಕಾಲಿನ ಜಾಗದ ಸಂಕೇತ ಎದ್ದು ಕಾಣುತ್ತದೆ.

ನಮ್ಮ ಕಡೆ ದಾಖಲೆ ಕೆಡಿಸುವ ಮುಖ್ಯ ಕಾರಣಗಳಲ್ಲಿ ಒಂದು ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ. ಅದು ಚರ್ಮ ಮತ್ತು ಎಲೆಕ್ಟ್ರೋಡಿನ ನಡುವೆ ಪದರವಾಗಿ ನಿಂತುಬಿಡುತ್ತದೆ. ಶಾಂಪೂ ಹಾಕಿ ತಲೆಸ್ನಾನ ಮಾಡಿ, ಕೂದಲು ಪೂರ್ತಿ ಒಣಗಿದ ಮೇಲೆ, ಬೈತಲೆ ಬಿಡಿಸಿ ಚರ್ಮಕ್ಕೇ ಜೆಲ್ ಮುಟ್ಟಿಸಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿ. 50 ಹರ್ಟ್ಸ್ ಗದ್ದಲ ಇಳಿಯುತ್ತದೆ, ತಲೆಗೆ ತಂತಿ ಕಟ್ಟಿಕೊಂಡವರ ಸುರಕ್ಷತೆಗೂ ಅದು ಅಗತ್ಯ.

ಕೂತವರಿಗೆ ಕೊಡುವ ಸೂಚನೆ ಫಲಿತಾಂಶವನ್ನೇ ಬದಲಿಸುತ್ತದೆ. 'ಪಾದ ಮೇಲೆತ್ತುವುದನ್ನು ಮನಸ್ಸಿನಲ್ಲಿ ನೋಡಿ' ಎನ್ನಬೇಡಿ. 'ಹೆಬ್ಬೆರಳನ್ನು ಮೊಣಕಾಲಿನ ಕಡೆಗೆ ಎಳೆದಾಗ ಮೀನಖಂಡ ಸೆಳೆಯುತ್ತದಲ್ಲ, ಆ ಸೆಳೆತವನ್ನು ಅನುಭವಿಸಿ, ಆದರೆ ಪಾದ ಅಲುಗದಿರಲಿ' ಎನ್ನಿ. ಕಣ್ಣಿಗೆ ಕಟ್ಟುವ ಕಲ್ಪನೆಗಿಂತ ಮೈಗೆ ಅನುಭವವಾಗುವ ಕಲ್ಪನೆ ಚಲನೆಯ ಪಟ್ಟಿಯನ್ನು ಹೆಚ್ಚು ತಟ್ಟುತ್ತದೆ. ಮೊದಲು ಒಂದೆರಡು ಸಲ ನಿಜವಾಗಿ ಎಳೆಯಿಸಿ. ಸಾಧ್ಯವಿದ್ದರೆ ಮೊಣಕಾಲ ಕೆಳಗಿನ ಮುಂಗಾಲಿನ ಸ್ನಾಯುವಿಗೆ ಒಂದು ಜೋಡಿ ಎಲೆಕ್ಟ್ರೋಡ್ ಅಂಟಿಸಿ, ಪಾದ ಕದ್ದು ಅಲುಗಿದ ಪ್ರಯತ್ನಗಳನ್ನು ತೆಗೆದುಹಾಕಿ. ಗುರಿಯನ್ನು ಪರದೆಯ ನಡುವೆಯೇ ಇಟ್ಟು ಬಣ್ಣದಿಂದ ಮಾತ್ರ ವ್ಯತ್ಯಾಸ ತೋರಿಸಿದರೆ ಕಣ್ಣು ಮೇಲೆ-ಕೆಳಗೆ ಹೊರಳುವ ತೊಂದರೆ ಹುಟ್ಟುವುದೇ ಇಲ್ಲ.

ಮನೆಯಲ್ಲಿ ಕಟ್ಟಿದ ವ್ಯವಸ್ಥೆಯನ್ನು ಬೆನ್ನುಹುರಿ ಪೆಟ್ಟಾದವರ ಚಿಕಿತ್ಸೆಗೆಂದು ಬಳಸಬೇಡಿ. ಅದಕ್ಕೆ ವೈದ್ಯರೂ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು.

ಹೆಜ್ಜೆ 10: ಆಗಿಂದಾಗ ಗುರುತಿಸುವುದು

ಕಡತದ ಮೇಲೆ ಗೆದ್ದ ಮಾದರಿ ನೇರ ಬಳಕೆಯಲ್ಲಿ ಕುಸಿಯಲು ಎರಡು ಕಾರಣಗಳು ಸಾಮಾನ್ಯ. ಮೊದಲನೆಯದು ಫಿಲ್ಟರ್. ಕಡತದ ಮೇಲೆ ಹಾಕಿದ ಫಿಲ್ಟರ್ ಮುಂದಿನ ಕ್ಷಣಗಳನ್ನೂ ನೋಡಿ ಕೆಲಸ ಮಾಡಿರುತ್ತದೆ, ನೇರ ಬಳಕೆಯಲ್ಲಿ ಮುಂದಿನ ಕ್ಷಣ ಇನ್ನೂ ಬಂದಿರುವುದಿಲ್ಲ. ಹಿಂದಿನದನ್ನು ಮಾತ್ರ ನೋಡುವ ಫಿಲ್ಟರ್ ಹಾಕಿ ಮಾದರಿಯನ್ನು ಮೊದಲಿನಿಂದ ಕಲಿಸಿ. ಎರಡನೆಯದು ವಿಶ್ರಾಂತಿ. 'ಕೈಯೋ ಪಾದವೋ' ಎಂದು ಮಾತ್ರ ಕಲಿತ ಮಾದರಿ, ವ್ಯಕ್ತಿ ಸುಮ್ಮನೆ ಕೂತಾಗಲೂ ಎರಡರಲ್ಲೊಂದನ್ನು ಹೇಳಿಯೇ ತೀರುತ್ತದೆ. ಆದ್ದರಿಂದ 'ಪಾದವೋ ವಿಶ್ರಾಂತಿಯೋ' ಎಂದು ಕಲಿಸಬೇಕು, ವಿಶ್ರಾಂತಿಗೆ ಟಿ0 ಬಳಸಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಸುತ್ತಿನ ಮೊದಲನೆಯದನ್ನು ಬಿಟ್ಟರೆ ಪ್ರತಿ ಟಿ0 ಶುರುವಾಗುವುದು ಕಲ್ಪನೆ ಮುಗಿದ ತಕ್ಷಣ. ಅದರ ಮೊದಲ ಒಂದೆರಡು ಸೆಕೆಂಡಿನಲ್ಲಿ ಬೀಟಾ ರಿಬೌಂಡ್ ತುಂಬಿರುತ್ತದೆ. ಅದನ್ನು 'ವಿಶ್ರಾಂತಿ' ಎಂದು ಕಲಿಸಿದರೆ ಮಾದರಿ ರಿಬೌಂಡ್ ಇಲ್ಲದ ನಿಜವಾದ ವಿಶ್ರಾಂತಿಯನ್ನು ಗುರುತಿಸದೆ ಹೋಗುತ್ತದೆ. ಪ್ರತಿ ಟಿ0ದ ಕೊನೆಯ ಎರಡು ಸೆಕೆಂಡನ್ನು ಮಾತ್ರ ತೆಗೆದುಕೊಳ್ಳಿ.

ಒಂದೂವರೆ ಸೆಕೆಂಡಿನ ಕಿಟಕಿಯನ್ನು ಕಾಲು ಸೆಕೆಂಡಿಗೊಮ್ಮೆ ಸರಿಸುತ್ತ ಉತ್ತರ ಕೇಳಿ. ಸತತ ನಾಲ್ಕು ಸಲ 'ಪಾದ' ಬಂದರೆ ಮಾತ್ರ ಆದೇಶ ಕೊಡಿ. ಶೇಕಡಾ ಅಂಕದ ಬದಲು, ಸುಮ್ಮನೆ ಕೂತ ಒಂದು ನಿಮಿಷದಲ್ಲಿ ಎಷ್ಟು ಸುಳ್ಳು ಆದೇಶ ಬಂತು ಎಂದು ಎಣಿಸಿ. ಎದ್ದು ನಿಂತ ಮನುಷ್ಯನ ಕಾಲಿಗೆ ಹೋಗುವ ಒಂದು ಸುಳ್ಳು ಆದೇಶ ಅವನನ್ನು ಬೀಳಿಸಬಲ್ಲದು.

ಸುಳ್ಳು ಆದೇಶ ತಗ್ಗದಿದ್ದರೆ ರಿಬೌಂಡನ್ನೇ ಸಂಕೇತವಾಗಿ ಬಳಸುವ ದಾರಿಯಿದೆ. ಕುಗ್ಗುವಿಕೆಗಿಂತ ಅದು ಹಲವರಲ್ಲಿ ಎದ್ದು ಕಾಣುತ್ತದೆ. ಗ್ರಾಟ್ಸ್‌ನ ತಂಡ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೈಕಾಲುಗಳ ಸ್ವಾಧೀನವಿಲ್ಲದ ವ್ಯಕ್ತಿಯೊಬ್ಬರು ಪಾದದ ಚಲನೆ ಕಲ್ಪಿಸಿಕೊಂಡು, ಕಂಪ್ಯೂಟರ್ ತೋರಿಸಿದ ಬೀದಿಯೊಂದರಲ್ಲಿ ಗಾಲಿಕುರ್ಚಿಯನ್ನು ಮುಂದೆ ನಡೆಸಿದ್ದರು. ಅವರಲ್ಲಿ ಬಳಸಿದ್ದು ನೆತ್ತಿಯ ಮೇಲಿನ ಒಂದೇ ಒಂದು ಇಇಜಿ ಚಾನೆಲ್, 17 ಹರ್ಟ್ಸ್ ಆಸುಪಾಸಿನ ಬೀಟಾ; ಆದರೆ ಅದು ಕಲ್ಪನೆಯ ವೇಳೆಯೇ ಉಕ್ಕಿದ ಬೀಟಾ, ನಂತರದ ರಿಬೌಂಡ್ ಅಲ್ಲ. ನಿಮ್ಮ ಡೇಟಾದಲ್ಲಿ ರಿಬೌಂಡನ್ನು ನೋಡಬೇಕಾದರೆ ಟಿ2 ಮುಗಿದ ಕ್ಷಣವನ್ನು ಸೊನ್ನೆ ಎಂದಿಟ್ಟುಕೊಂಡು ಮತ್ತೆ ತುಂಡರಿಸಿ. ಸಿ-ಜೆಡ್‌ನಲ್ಲಿ 14ರಿಂದ 30 ಹರ್ಟ್ಸ್‌ವರೆಗೆ 2 ಹರ್ಟ್ಸ್ ಅಗಲದ ಪಟ್ಟಿಗಳಲ್ಲಿ ಶಕ್ತಿ ಅಳೆಯಿರಿ. ಅರ್ಧ ಸೆಕೆಂಡಿನಿಂದ ಒಂದೂವರೆ ಸೆಕೆಂಡಿನ ನಡುವೆ ಹೆಚ್ಚು ಏರಿದ ಪಟ್ಟಿ ಯಾವುದು ಎಂದು ಪ್ರತಿ ವ್ಯಕ್ತಿಗೂ ಬೇರೆಯಾಗಿ, ಕಲಿಕೆಯ ಸುತ್ತುಗಳಿಂದ ಮಾತ್ರ ಆರಿಸಿ, ಆ ಒಂದೇ ಸಂಖ್ಯೆಗೆ ಮಿತಿ ಕಟ್ಟಿ ಉಳಿದ ಸುತ್ತಿನಲ್ಲಿ ಓಡಿಸಿ.